ಗದ್ದದ ಕೆಳಗಿನ ಕೈ

ಅವಳಿಗೆ ಸಿಟ್ಟು ಬಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದನಿ ಏರುತ್ತಿರಲಿಲ್ಲ, ಮುಖ ಕೆಂಪಾಗುತ್ತಿರಲಿಲ್ಲ. ಕಿವಿ ಮಾತ್ರ ಕಾದ ಬಾಣಲೆಯಂತೆ ಬಿಸಿಯಾಗುತ್ತಿತ್ತು. ಕೆಲಸದ ಹೊತ್ತಿನಲ್ಲಿ ಕಿವಿ ಹಸಿರು ಟೋಪಿಯ ಒಳಗಿರುತ್ತಿದ್ದರಿಂದ ಅದೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಆಸ್ಪತ್ರೆಯ ಎಂಡೋಸ್ಕೋಪಿ ಕೋಣೆಯಲ್ಲಿ ಅವಳು ನರ್ಸ್. ಬಾಯಿಂದಲೋ ಹಿಂದಿನಿಂದಲೋ ಉದ್ದನೆಯ ಕಪ್ಪು ಕೊಳವೆ ಇಳಿಸಿ ಹೊಟ್ಟೆ, ಕರುಳನ್ನೆಲ್ಲ ನೋಡುವ ಕೋಣೆ ಅದು. ಡಾಕ್ಟರು ಕೊಳವೆ ಹಿಡಿದು ಪರದೆ ನೋಡುತ್ತಾರೆ. ಒಳಗೆ ಬಂದವರೆಲ್ಲರ ಕಣ್ಣೂ ಆ ಪರದೆಗೇ ಅಂಟಿಕೊಳ್ಳುತ್ತದೆ. ಅವಳ ಕಣ್ಣು ಮಾತ್ರ ರೋಗಿಯ ಮುಖದ ಮೇಲೆ. ನಿದ್ದೆಯ ಇಂಜೆಕ್ಷನ್ ಕೊಡುವವಳು ಅವಳು. ಕೊಟ್ಟ ಮೇಲೆ ತಲೆಯ ಹತ್ತಿರ ನಿಂತು, ಎಡಗೈಯನ್ನು ಗದ್ದದ ಕೆಳಗಿಟ್ಟು ಉಸಿರನ್ನು ಅಂಗೈಯಲ್ಲಿ ಹಿಡಿದುಕೊಂಡಿರುವುದು ಅವಳ ಕೆಲಸ.

ನಿದ್ದೆ ಕೊಡುವುದಕ್ಕೆ ಅವಳದೇ ಒಂದು ಪದ್ಧತಿ ಇತ್ತು. ಮದ್ದನ್ನು ಒಮ್ಮೆಗೇ ತಳ್ಳುತ್ತಿರಲಿಲ್ಲ. ಸ್ವಲ್ಪ ಕೊಟ್ಟು, "ಇಲ್ಲಿಂದ ನಿಮ್ಮ ಮನೆಗೆ ಹೇಗೆ ಹೋಗ್ಬೇಕು, ದಾರಿ ಹೇಳಿ" ಎನ್ನುತ್ತಿದ್ದಳು. ಅವರು ಹೇಳುತ್ತಿದ್ದರು. ಗೇಟು ದಾಟಿ ಎಡಕ್ಕೆ, ಔಷಧಿ ಅಂಗಡಿ, ಆಮೇಲೆ ಸೇತುವೆ. ಮಾತು ತಡವರಿಸಿ, ಎಡ ಯಾವುದು ಬಲ ಯಾವುದು ಎಂದು ಗೊಂದಲವಾಗುವ ಹೊತ್ತಿಗೆ ಅವಳ ಬೆರಳು ಸಿರಿಂಜಿನ ಮೇಲೆ ನಿಂತುಬಿಡುತ್ತಿತ್ತು. ಅಷ್ಟೇ ಸಾಕು. ಎದ್ದ ಮೇಲೆ ಅದೇ ದಾರಿಯನ್ನು ತಪ್ಪಿಲ್ಲದೆ ಕೊನೆಯವರೆಗೆ ಹೇಳಿದರೆ ಮಾತ್ರ ಹಾಸಿಗೆಯಿಂದ ಇಳಿಸುತ್ತಿದ್ದಳು. ದೊಡ್ಡ ದೊಡ್ಡವರೂ ಪಾಠ ಒಪ್ಪಿಸುವ ಮಕ್ಕಳ ಹಾಗೆ ಒಪ್ಪಿಸುತ್ತಿದ್ದರು.

"ನಮ್ಮ ನಿದ್ದೆಯಕ್ಕ ಮೆತ್ತಗೆ ಮಾತಾಡೋದಕ್ಕೆ ಇಂಜೆಕ್ಷನ್ನು ಬರೀ ದಂಡ ಕಣ್ರೀ. ಅವಳು ನಾಲ್ಕು ಮಾತಾಡಿದ್ರೆ ಡಾಕ್ಟರೂ ಮಲಗಿಬಿಡ್ತಾರೆ" ಎಂದು ವಾರ್ಡಿನ ಆಯಾ ಕಂಡಕಂಡವರಿಗೆ ಹೇಳುತ್ತಿದ್ದಳು. ಹಾಗೆ ನಿದ್ದೆಯಕ್ಕ ಎನ್ನುವುದೇ ಅವಳ ಹೆಸರಾಗಿಹೋಯಿತು.

ಆ ಕೋಣೆ ಶುರುವಾದಾಗ ಡಾಕ್ಟರೇ ಅವಳನ್ನು ತಲೆಯ ಹತ್ತಿರ ನಿಲ್ಲಿಸಿ ಹೇಳಿದ್ದರು. "ನೋಡು, ಇದು ನಿನ್ನ ಜಾಗ. ನಿದ್ದೆ ಕೊಟ್ಟವಳು ಬೇರೆ ಕೆಲಸ ಮುಟ್ಟಬಾರದು. ನಾನು ಪರದೆ ನೋಡ್ತಾ ನೋಡ್ತಾ ಮೈಮರೆತು ಆ ಕಡೆ ಬಾ, ಇದನ್ನ ಹಿಡಿ ಅಂತೀನಿ. ನಾನೇ ಕರೆದ್ರೂ ಜಾಗ ಬಿಡಬೇಡ." ಆಗ ಅವರ ಕೂದಲು ಕಪ್ಪಗಿತ್ತು, ಮಾತಿನಲ್ಲಿ ನಗು ಇತ್ತು. ಅವರ ಕೈಗೆ ನೆರವಾಗುವುದಕ್ಕೆ ಇನ್ನೊಬ್ಬಳು ನರ್ಸೂ ಇದ್ದಳು. ಗೆಡ್ಡೆ ಕಂಡರೆ ಕೊಳವೆಯೊಳಗಿಂದ ತಂತಿಯ ಕುಣಿಕೆ ಬಿಟ್ಟು ಬಿಗಿಯುವುದು, ಅನುಮಾನದ ಜಾಗದಿಂದ ಚೂರು ಕೀಳುವುದು, ಹೊಟ್ಟೆ ಒತ್ತಿ ಹಿಡಿಯುವುದು ಆ ಕಿರಿಯ ನರ್ಸಿನ ಕೆಲಸ. ಚುರುಕು ಹುಡುಗಿ. "ಅಕ್ಕಾ, ನೀವು ಮಲಗಿಸಿ, ನಾನು ಗಂಟು ಹಾಕ್ತೀನಿ" ಎನ್ನುತ್ತಿದ್ದಳು. ಎಷ್ಟು ಜನ ಮಲಗಿದರು, ಎಷ್ಟು ಜನ ದಾರಿ ಹೇಳಿ ಮನೆಗೆ ಹೋದರು. ಯಾರಿಗೂ ಏನೂ ಆಗಲಿಲ್ಲ.

ಏನೂ ಆಗದೆ ಇದ್ದದ್ದೇ ಮುಳುವಾಯಿತು. ಹೊಸ ಮ್ಯಾನೇಜರ್ ಬಂದು ಬಾಗಿಲಲ್ಲಿ ನಿಂತು ನೋಡಿದ. ಒಬ್ಬಳು ಕುಣಿಕೆ ಹಿಡಿದಿದ್ದಾಳೆ, ಸರಿ. ಇನ್ನೊಬ್ಬಳು ಗದ್ದ ಹಿಡಿದುಕೊಂಡು ಸುಮ್ಮನೆ ನಿಂತಿದ್ದಾಳೆ. "ಇವರು ಏನು ಮಾಡ್ತಿದ್ದಾರೆ?" ಎಂದು ಕೇಳಿದ. ಮಾರನೆಯ ವಾರವೇ ಕಿರಿಯವಳನ್ನು ಮೇಲಿನ ವಾರ್ಡಿಗೆ ಹಾಕಿದ. ಇನ್ನು ಮೇಲೆ ಎರಡೂ ಕೆಲಸ ನಿದ್ದೆಯಕ್ಕನದೇ.

ಡಾಕ್ಟರು ಒಂದು ದಿನ ಗೊಣಗಿದರು. ಎರಡನೆಯ ದಿನ ಪಟ್ಟಿ ಉದ್ದವಿತ್ತು, ಗೊಣಗುವುದಕ್ಕೂ ಪುರಸೊತ್ತಿರಲಿಲ್ಲ. ಮೂರನೆಯ ದಿನ ಪರದೆಯಿಂದ ಕಣ್ಣು ಕೀಳದೆ, "ಸಿಸ್ಟರ್, ಬಾ ಈ ಕಡೆ, ಹಿಡಿ ಇದನ್ನ" ಎಂದರು. ಅವಳು ಹೋದಳು. ಹೋಗಬಾರದಿತ್ತು. ಕಿವಿ ಬಿಸಿಯಾಯಿತು, ಟೋಪಿಯ ಒಳಗೇ ತಣ್ಣಗಾಯಿತು.

ಆಮೇಲೆ ಬಂದವನು ಬಸ್ ಕಂಡಕ್ಟರ್. ದಪ್ಪ ಕುತ್ತಿಗೆಯ, ದೊಡ್ಡ ಗಂಟಲಿನ ಮನುಷ್ಯ. ಹೊಟ್ಟೆಯಲ್ಲಿ ಹುಣ್ಣು. ದಾರಿ ಹೇಳಿ ಎಂದರೆ ಅವನು ತನ್ನ ಬಸ್ಸಿನ ನಿಲ್ದಾಣಗಳನ್ನೆಲ್ಲ ಕೂಗಲು ಶುರು ಮಾಡಿದ. "ಮಾರ್ಕೆಟ್, ಮಾರ್ಕೆಟ್, ಇಳಿಯೋರು ಮುಂದೆ ಬನ್ನಿ. ನೀರಿನ ಟ್ಯಾಂಕು... ಹಿಂದಿನವರು ಸ್ವಲ್ಪ ಒಳಗೆ ಹೋಗ್ರೀ..." ಆಯಾ ಬಾಗಿಲ ಸಂದಿಯಲ್ಲಿ ನಿಂತು ಬಾಯಿಗೆ ಸೆರಗು ಹಿಡಿದು ನಕ್ಕಳು. ಕಂಡಕ್ಟರನ ದನಿ ಇಳಿದು, ಒಂದು ನಿಲ್ದಾಣ ಬಿಟ್ಟು ಇನ್ನೊಂದಕ್ಕೆ ಹಾರಿದಾಗ ಅವಳು ಸಿರಿಂಜು ನಿಲ್ಲಿಸಿ ಬಾಯಿಗೆ ಪ್ಲಾಸ್ಟಿಕ್ ಉಂಗುರ ಕಚ್ಚಿಸಿದಳು. ಕೊಳವೆ ಇಳಿಯಿತು.

"ಚೂರು ತೆಗೀಬೇಕು. ಬಾ ಈ ಕಡೆ."

ಅವಳು ಗದ್ದ ಬಿಟ್ಟು ಡಾಕ್ಟರ ಪಕ್ಕಕ್ಕೆ ಹೋದಳು. ಇಕ್ಕಳದ ತಂತಿ ಒಳಗೆ ಬಿಟ್ಟಳು. ತೆರೆ, ಮುಚ್ಚು, ಎಳೆ. ಮಾನಿಟರ್ ಕೂಗಿತು. ಅದು ದಿನಕ್ಕೆ ಹತ್ತು ಸಲ ಕೂಗುತ್ತಿತ್ತು. ರಕ್ತದ ಆಕ್ಸಿಜನ್ ಅಳೆಯಲು ಬೆರಳಿಗೆ ಹಾಕುವ ಕ್ಲಿಪ್ಪು ಹಳೆಯದು, ಬೆರಳು ಅಲ್ಲಾಡಿದರೆ ಸಾಕು, ಜಾರಿ ಬೊಬ್ಬೆ ಹೊಡೆಯುತ್ತಿತ್ತು.

"ಕ್ಲಿಪ್ ಜಾರಿರುತ್ತೆ, ಬಿಡು. ಇನ್ನೊಂದು ಚೂರು."

ಅವಳೂ ಕ್ಲಿಪ್ಪೇ ಎಂದುಕೊಂಡಳು. ಇನ್ನೊಂದು ಚೂರು ಎಳೆದಳು. ಆಮೇಲೆ ಯಾಕೋ ತಿರುಗಿ ನೋಡಿದರೆ, ಕ್ಲಿಪ್ಪು ಬೆರಳಲ್ಲಿ ಭದ್ರವಾಗಿಯೇ ಇತ್ತು. ಕಂಡಕ್ಟರನ ತುಟಿ ಶಾಯಿ ಕುಡಿದವನ ಹಾಗೆ ನೀಲಿಯಾಗಿತ್ತು.

ಇಕ್ಕಳ ಎಲ್ಲಿ ಬಿತ್ತೋ ಅವಳಿಗೆ ನೆನಪಿಲ್ಲ. ತಲೆಯ ಹತ್ತಿರ ಹಾರಿ ದವಡೆ ಎತ್ತಿ ಹಿಡಿದಳು, ಕೊಳವೆ ಹೊರಗೆ ಬಂತು, ಆಕ್ಸಿಜನ್ ಏರಿಸಿದಳು, ಎಬ್ಬಿಸುವ ಮದ್ದು ಕೊಟ್ಟಳು. ಮನುಷ್ಯ ಗೊರ್ ಎಂದು ಉಸಿರೆಳೆದ. ಬಣ್ಣ ತಿರುಗಿತು. ಕಣ್ಣು ಬಿಟ್ಟು, ಎಲ್ಲಿದ್ದೇನೆ ಎಂದು ಸುತ್ತ ನೋಡಿದ. ಡಾಕ್ಟರು ಗೋಡೆಗೆ ಒರಗಿ ನಿಂತು ಮಾಸ್ಕ್ ಕೆಳಗೆಳೆದುಕೊಂಡರು.

ಹೊರಗೆ ಹೋಗಿ ಡಾಕ್ಟರು ಕಂಡಕ್ಟರನ ಹೆಂಡತಿಗೆ, "ಸ್ವಲ್ಪ ಗಾಢವಾಗಿ ನಿದ್ದೆ ಮಾಡಿದ್ರು, ಅಷ್ಟೇ. ದಣಿದಿದ್ರೇನೋ" ಎಂದರು.

"ಅಯ್ಯೋ, ಮನೇಲೂ ಹಂಗೇ ಡಾಕ್ಟ್ರೇ. ಎಬ್ಬಿಸೋಕೆ ಮುಖಕ್ಕೆ ನೀರು ಚೆಲ್ಲಬೇಕು" ಎಂದು ಆಕೆ ನಕ್ಕಳು.

ಆ ನಗು ನಿದ್ದೆಯಕ್ಕನ ಎದೆಗೆ ಮುಳ್ಳಿನಂತೆ ಚುಚ್ಚಿಕೊಂಡಿತು.

ಸುದ್ದಿ ಮ್ಯಾನೇಜರನ ಕಿವಿಗೆ ಬೀಳಲು ಎಷ್ಟು ಹೊತ್ತು? ಇಬ್ಬರನ್ನೂ ಕರೆಸಿದ. ಕನ್ನಡಕ ತೆಗೆದು ಒರೆಸುತ್ತಾ, ಯಾರನ್ನೂ ನೋಡದೆ ಮಾತಾಡಿದ.

"ನರ್ಸ್ ನಿದ್ದೆ ಕೊಡೋದು ಅಪಾಯ ಅಂತ ನನಗೆ ಮೊದಲಿಂದಲೂ ಅನ್ನಿಸ್ತಿತ್ತು. ಮುಂದಿನ ತಿಂಗಳಿಂದ ನಿಲ್ಲಿಸಿಬಿಡೋಣ. ಎಚ್ಚರದಲ್ಲೇ ಮಾಡಿ, ಗಂಟಲಿಗೆ ಸ್ಪ್ರೇ ಇದೆಯಲ್ಲ. ನಿದ್ದೆ ಬೇಕೇ ಬೇಕು ಅನ್ನೋರು ಅರಿವಳಿಕೆ ಡಾಕ್ಟರಿಗೆ ಕಾಯಲಿ."

ಅರಿವಳಿಕೆ ಡಾಕ್ಟರಿಗೆ ಆಪರೇಷನ್ ಥಿಯೇಟರಿನಿಂದ ತಲೆ ಎತ್ತಲೂ ಬಿಡುವಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಕಾಯುವುದು ಎಂದರೆ ತಿಂಗಳುಗಟ್ಟಲೆ. ನಿದ್ದೆ ಕೊಡದೆ ಮಾಡುವುದು ಎಂದರೆ ಏನು ಎಂದೂ ಅವಳಿಗೆ ಗೊತ್ತಿತ್ತು. ಬೇರೆ ಆಸ್ಪತ್ರೆಯಲ್ಲಿದ್ದಾಗ ಕಂಡಿದ್ದಳು. ಕೈಕಾಲು ಒತ್ತಿ ಹಿಡಿಯುವುದು, ಓಕರಿಕೆ, ಕಣ್ಣೀರು. ಒಬ್ಬ ಹೆಂಗಸು ಕೊಳವೆ ಕಿತ್ತೆಸೆದು ಬರಿಗಾಲಲ್ಲಿ ಓಡಿಹೋಗಿದ್ದಳು. ತಿರುಗಿ ಬಂದದ್ದು ಒಂದು ವರ್ಷದ ಮೇಲೆ. ಆಗ ನೋಡಿ ಮಾಡುವಂಥದ್ದೇನೂ ಉಳಿದಿರಲಿಲ್ಲ.

"ಸಾರ್," ಎಂದಳು ನಿದ್ದೆಯಕ್ಕ. "ಆವತ್ತು ನನ್ನ ಕೈ..."

"ನಿಮ್ಮ ಕೈ ತಪ್ಪು ಅಂತ ಯಾರೂ ಹೇಳ್ತಿಲ್ಲ ಸಿಸ್ಟರ್. ಮನಸ್ಸಿಗೆ ಹಚ್ಕೋಬೇಡಿ."

ಅವಳು ಡಾಕ್ಟರ ಕಡೆ ನೋಡಿದಳು. ಅವರು ಮೊಬೈಲ್ ನೋಡುತ್ತಿದ್ದರು. ಅದರ ಪರದೆ ಕಪ್ಪಗಿತ್ತು.

ಅವಳು ಬಾಯಿ ಮುಚ್ಚಿಕೊಂಡು ಹೊರಗೆ ಬಂದಳು.

ಮನೆಗೆ ಬಂದು ಒಲೆಯ ಮೇಲಿನ ಪಾತ್ರೆಗೆ ಮುಚ್ಚಳ ಹಾಕಿದ್ದು ಬೀದಿಗೇ ಕೇಳಿಸಿರಬೇಕು. ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು.

"ಆ ಪಾತ್ರೆ ಏನು ಮಾಡಿತ್ತು ನಿನಗೆ?"

"ಏನಿಲ್ಲ ಅತ್ತೆ."

"ಏನಿಲ್ಲದೆ ಮುಚ್ಚಳ ಹಂಗೆ ಕಿರುಚುತ್ತಾ? ನೀನು ಕಿರುಚೋದು ಬಿಟ್ಟು ಅದರ ಕೈಲಿ ಕಿರುಚಿಸ್ತೀಯ."

ಅತ್ತೆ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ ಮಗನನ್ನು ಬೆಳೆಸಿದವರು. ತೋಳಿನಲ್ಲಿ ಶಕ್ತಿ ಇತ್ತು, ನಾಲಿಗೆಯಲ್ಲಿ ಅದಕ್ಕಿಂತ ಜಾಸ್ತಿ ಇತ್ತು. ಬೀದಿಯಲ್ಲಿ ಯಾರ ಮನೆಯಲ್ಲಿ ಜಗಳವಾದರೂ ಕರೆಯದೆಯೇ ಹೋಗಿ ತೀರ್ಪು ಕೊಟ್ಟು ಬರುತ್ತಿದ್ದರು. ಬಾಯಿ ಇಲ್ಲದ ಸೊಸೆ ಸಿಕ್ಕಿದ್ದಕ್ಕೆ ಅವರಿಗೆ ಮೊದಮೊದಲು ಸಂತೋಷವೇ ಆಗಿತ್ತು. ಆಮೇಲೆ ಬೇಸರವಾಗಿತ್ತು. "ಜಗಳ ಆಡೋಕೂ ಇಬ್ಬರು ಬೇಕು. ಇವಳ ಜೊತೆ ಆಡೋದಂದ್ರೆ ಗೋಡೆಗೆ ಚೆಂಡು ಹೊಡೆದ ಹಾಗೆ" ಎಂದು ಮಗನ ಹತ್ತಿರ ದೂರುತ್ತಿದ್ದರು.

ಈಚೆಗೆ ಅತ್ತೆಗೆ ಹಿಂದಿನಿಂದ ರಕ್ತ ಹೋಗುತ್ತಿತ್ತು. ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದರು. ಬಟ್ಟೆ ಒಗೆಯುವಾಗ ಸೊಸೆಯ ಕಣ್ಣಿಗೆ ಬಿತ್ತು. ಅವಳೇ ಗಂಟು ಬಿದ್ದು ಕರುಳಿನ ಪರೀಕ್ಷೆಗೆ ದಿನ ಹಾಕಿಸಿದ್ದಳು. ಅದು ನಾಡಿದ್ದೇ ಇತ್ತು.

ಅವಳು ಅತ್ತೆಯ ಮಂಚದ ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಕಂಡಕ್ಟರ್, ಇಕ್ಕಳ, ಮ್ಯಾನೇಜರನ ಕನ್ನಡಕ. ಅಷ್ಟು ಉದ್ದ ಮಾತನ್ನು ಆ ಮನೆಯಲ್ಲಿ ಅವಳು ಯಾವತ್ತೂ ಆಡಿರಲಿಲ್ಲ. ಅತ್ತೆ ಮಧ್ಯೆ ಬಾಯಿ ಹಾಕದೆ ಕೇಳಿದರು. ಅದೂ ಯಾವತ್ತೂ ಆಗಿರಲಿಲ್ಲ.

"ಸರಿ," ಎಂದರು ಕೊನೆಗೆ. "ಅಲ್ಲಿ ಬಾಯಿಗೆ ಬೀಗ ಹಾಕ್ಕೊಂಡು ಬಂದು ಇಲ್ಲಿ ಮುಚ್ಚಳ ಬಡಿದ್ರೆ ಆ ಕನ್ನಡಕದವನಿಗೆ ಕೇಳುತ್ತೇನೇ?"

"ಇಲ್ಲ."

"ನನಗೆ ಯಾರು ಕೊಡೋದು ನಿದ್ದೆ?"

"ನಾನೇ."

"ಕೊಳವೆಯವರು ಬಾ ಈ ಕಡೆ ಅಂದ್ರೆ?"

ಅತ್ತೆ ಹೊದಿಕೆಯ ಅಂಚನ್ನು ಮಡಚಿದರು, ಬಿಚ್ಚಿದರು, ಇಸ್ತ್ರಿ ಹಾಕುವವರ ಹಾಗೆ ಅಂಗೈಯಿಂದ ಒತ್ತಿದರು.

"ನಾನೇನು ಸಾಯೋಕೆ ಹೆದರೋಳಲ್ಲ," ಎಂದರು. ಅಂಚನ್ನು ಇನ್ನೊಮ್ಮೆ ಮಡಚಿ, "ಸುಳ್ಳು. ಹೆದರ್ತೀನಿ. ನಿನ್ನ ಗಂಡನಿಗೆ ಹೇಳಬೇಡ" ಎಂದರು.

ಪರೀಕ್ಷೆಯ ಹಿಂದಿನ ದಿನ ಕರುಳು ತೊಳೆಯುವ ಪುಡಿಯ ನೀರನ್ನು ಜಗ್ಗುಗಟ್ಟಲೆ ಕುಡಿಸಬೇಕಾಯಿತು. ಅತ್ತೆ ಪ್ರತಿ ಲೋಟಕ್ಕೂ ಒಂದೊಂದು ಹೊಸ ಬೈಗುಳ ಹುಡುಕಿದರು. ಪುಡಿ ಮಾಡಿದವನಿಗೆ, ಮಾರಿದವನಿಗೆ, ತಂದ ಮಗನಿಗೆ. ಕಕ್ಕಸಿನ ಬಾಗಿಲ ಒಳಗಿನಿಂದಲೂ ಬೈಯುತ್ತಿದ್ದರು. "ಇನ್ನು ಹುಟ್ಟಿದಾಗ ಕುಡಿದ ಹಾಲು ಒಂದು ಬಾಕಿ ಇದೆ, ಅದೂ ಬಂದುಬಿಡ್ಲಿ!" ಮಗ ಬಾಗಿಲ ಹೊರಗೆ ನಿಂತು ನಗಬೇಕೋ ಅಳಬೇಕೋ ತಿಳಿಯದೆ ಹೆಂಡತಿಯ ಮುಖ ನೋಡಿದ.

ಮರುದಿನ ಬೆಳಿಗ್ಗೆ ಅವಳು ಬೇಗ ಹೋಗಿ ಮ್ಯಾನೇಜರನ ಬಾಗಿಲಲ್ಲಿ ನಿಂತಳು. ಆ ಕಿರಿಯ ನರ್ಸನ್ನು ಇವತ್ತು ಕೆಳಗೆ ಕಳಿಸಿ ಎಂದು ಕೇಳಿದಳು.

"ಇವತ್ತು ನಿಮ್ಮ ಅತ್ತೆಯವರದ್ದು ಇದೆ ಅಲ್ವಾ?" ಮ್ಯಾನೇಜರ್ ಮುಗುಳ್ನಕ್ಕ. "ಮನೆಯವರು ಅಂತ ವಿಶೇಷ ಏರ್ಪಾಡು ಮಾಡಿದ್ರೆ ಬೇರೆಯವರು ಏನಂತಾರೆ? ನೀವೇ ಹೇಳಿ."

ಅವಳಿಗೆ ಹೇಳಲು ಬೇಕಾದಷ್ಟಿತ್ತು. ಟೋಪಿಯನ್ನು ಕೆಳಗೆಳೆದುಕೊಂಡು ಎಂಡೋಸ್ಕೋಪಿ ಕೋಣೆಗೆ ನಡೆದಳು. ಕಿವಿ ಸುಡುತ್ತಿತ್ತು.

ಅತ್ತೆಯನ್ನು ಹಾಸಿಗೆಯ ಮೇಲೆ ಎಡ ಮಗ್ಗುಲಾಗಿ ಮಲಗಿಸಿದರು. ಬೆನ್ನ ಕಡೆ ತೆರೆದಿದ್ದ ಆಸ್ಪತ್ರೆಯ ನಿಲುವಂಗಿಯಲ್ಲಿ ಅವರು ಚಿಕ್ಕವರಾಗಿ ಕಂಡರು. "ಇದನ್ನ ಹೊಲಿದವನಿಗೆ ಬಟ್ಟೆ ಸಾಲದೆ ಹೋಯ್ತೇನು?" ಎಂದು ಡಾಕ್ಟರನ್ನೇ ಕೇಳಿದರು. ಡಾಕ್ಟರು ನಕ್ಕರು. ಸೊಸೆ ನಗಲಿಲ್ಲ. ಮೂಗಿಗೆ ಆಕ್ಸಿಜನ್ ನಳಿಕೆ ಇಟ್ಟಳು, ಬೆರಳಿಗೆ ಕ್ಲಿಪ್ಪು ಹಾಕಿದಳು, ಮದ್ದಿನ ಮೊದಲ ಪಾಲು ಕೊಟ್ಟಳು.

"ಅತ್ತೆ, ಮನೆಗೆ ದಾರಿ ಹೇಳಿ."

"ದಿನಾ ಓಡಾಡ್ತೀಯ, ನಿನಗೆ ಗೊತ್ತಿಲ್ವಾ?"

"ಹೇಳಿ ಅತ್ತೆ."

"ಗೇಟು ದಾಟು. ಬಲಕ್ಕೆ ತಿರುಗು. ಅಲ್ಲೊಬ್ಬ ಸೈಕಲ್ ಅಂಗಡಿಯವನಿದ್ದಾನೆ, ಕಳ್ಳ. ನನ್ನ ಸೊಸೆಯ ಗಾಡಿಗೆ ಪಂಕ್ಚರ್ ಇಲ್ಲದಿದ್ರೂ ಪಂಕ್ಚರ್ ಅಂದ. ಅವಳು ಸುಮ್ನೆ ತಲೆ ಅಲ್ಲಾಡಿಸಿ ಬಂದ್ಳು. ನಾನು ಹೋಗಿ... ಅವನ ಪಂಪು ಕಿತ್ಕೊಂಡು... ಬೀದಿ ಮಧ್ಯೆ..." ನಾಲಿಗೆ ದಪ್ಪವಾಗತೊಡಗಿತು. "ಅವಳಿಗೆ ಗೊತ್ತಿಲ್ಲ. ಹೇಳಿಲ್ಲ ನಾನು. ಆಮೇಲೆ ಎಡಕ್ಕೆ... ಅಲ್ಲ..."

ನಿದ್ದೆಯಕ್ಕ ಸಿರಿಂಜಿನಿಂದ ಬೆರಳು ತೆಗೆದಳು. ಎಡಗೈಯನ್ನು ಗದ್ದದ ಕೆಳಗಿಟ್ಟಳು. ಉಸಿರು ಅಂಗೈಗೆ ಬೆಚ್ಚಗೆ ತಾಗುತ್ತಿತ್ತು, ಹೋಗುತ್ತಿತ್ತು, ಬರುತ್ತಿತ್ತು.

ಕೊಳವೆ ಒಳಗೆ ಸಾಗಿತು. ಡಾಕ್ಟರ ಕೈ ಒಳ್ಳೆಯದು, ಅದರಲ್ಲಿ ಮಾತಿಲ್ಲ. ಒಂದು ತಿರುವಿನಲ್ಲಿ ನಿಂತಿತು.

"ಇದೆ ನೋಡು. ರಕ್ತಕ್ಕೆ ಕಾರಣ ಇದೇ. ಕಾಂಡ ಇರೋ ಗೆಡ್ಡೆ, ಈಗಲೇ ತೆಗೆದುಬಿಡಬಹುದು. ಬಾ, ಕುಣಿಕೆ ಹಿಡಿ."

ಅವಳು ಅಲ್ಲಾಡಲಿಲ್ಲ.

"ಸಿಸ್ಟರ್, ಕುಣಿಕೆ."

"ಬರಲ್ಲ ಸಾರ್."

ಡಾಕ್ಟರಿಗೆ ಕೇಳಿಸಲಿಲ್ಲವೇನೋ. ಪರದೆ ನೋಡುತ್ತಲೇ ಕೈ ಚಾಚಿದರು. ಕೈ ಗಾಳಿಯಲ್ಲಿ ಹಾಗೇ ನಿಂತಿತು. ಆಗ ತಿರುಗಿದರು.

"ಏನಂದೆ?"

"ನಾನು ಇಲ್ಲಿಂದ ಬರಲ್ಲ. ಕುಣಿಕೆ ಹಿಡಿಯೋಕೆ ಇನ್ನೊಬ್ಬರನ್ನ ಕರೆಸಿ."

"ತಲೆ ಕೆಟ್ಟಿದ್ಯಾ? ಗೆಡ್ಡೆ ಕಣ್ಣೆದುರಿಗೇ ಇದೆ!"

"ಇರಲಿ. ಅದು ಎಲ್ಲಿಗೂ ಓಡಿಹೋಗಲ್ಲ. ಉಸಿರು ಓಡಿಹೋಗುತ್ತೆ."

ತನ್ನ ದನಿ ತನಗೇ ಗುರುತು ಸಿಗಲಿಲ್ಲ. ಅದು ಟೋಪಿಯ ಒಳಗಿನಿಂದ, ಸುಡುವ ಕಿವಿಯಿಂದಲೇ ಬಂದ ಹಾಗಿತ್ತು.

"ಒಂದೇ ನಿಮಿಷದ ಕೆಲಸ," ಡಾಕ್ಟರು ಹಲ್ಲು ಕಚ್ಚಿ ಹೇಳಿದರು. "ಹೊರಗೆ ಎಷ್ಟು ಜನ ಕೂತಿದ್ದಾರೆ ಗೊತ್ತಾ ನಿನಗೆ?"

"ಗೊತ್ತು. ಅವರಿಗೂ ಒಂದೊಂದೇ ಉಸಿರು ಇರೋದು. ಇಲ್ಲಿ ನನ್ನನ್ನ ನಿಲ್ಲಿಸಿದವರು ನೀವು ಸಾರ್. ನಾನೇ ಕರೆದ್ರೂ ಜಾಗ ಬಿಡಬೇಡ ಅಂದವರು ನೀವು. ಆವತ್ತು ಹೇಳಿದ್ದು ಸುಳ್ಳಾ? ಸುಳ್ಳಾದ್ರೆ ಈಗ ಹೇಳಿ, ಬರ್ತೀನಿ."

ಅಷ್ಟು ಹೊತ್ತಿಗೆ ಮಾನಿಟರ್ ಬೊಬ್ಬೆ ಹೊಡೆಯಿತು.

ಡಾಕ್ಟರ ಮುಖದ ಬಣ್ಣ ಇಳಿಯಿತು. ಅವರ ಬಾಯಿಂದ ಈ ಸಲ ಕ್ಲಿಪ್ಪಿನ ಮಾತು ಹೊರಡಲಿಲ್ಲ. ಕೊಳವೆ ಹಿಡಿದ ಕೈ ಬಿಗಿಯಾಯಿತು.

ಅವಳು ಕಣ್ಣೆತ್ತಿ ಮಾನಿಟರನ್ನು ನೋಡುವ ಮೊದಲೇ ಅವಳ ಅಂಗೈಗೆ ಗೊತ್ತಾಗಿತ್ತು. ಉಸಿರು ಬರುತ್ತಿತ್ತು, ಹೋಗುತ್ತಿತ್ತು. ಅತ್ತೆಯ ತುಟಿ ಕೆಂಪಾಗಿಯೇ ಇತ್ತು. ಬಗ್ಗಿ ನೋಡಿದರೆ ಕ್ಲಿಪ್ಪು ಬೆರಳಿನಿಂದ ಜಾರಿ ಹಾಸಿಗೆಯ ಮೇಲೆ ಬಿದ್ದಿತ್ತು. ಬಲಗೈಯಿಂದ ಅದನ್ನು ಎತ್ತಿ ಮತ್ತೆ ಸಿಕ್ಕಿಸಿದಳು. ಬೊಬ್ಬೆ ನಿಂತಿತು.

"ಇವತ್ತು ಕ್ಲಿಪ್ಪೇ ಸಾರ್," ಎಂದಳು. "ಹೌದೋ ಅಲ್ಲವೋ ಅಂತ ನನ್ನ ಕೈ ಇಲ್ಲಿದ್ದದ್ದಕ್ಕೆ ಗೊತ್ತಾಯ್ತು."

ಡಾಕ್ಟರು ಬಾಗಿಲ ಕಡೆ ತಿರುಗಿ ಕಟ್ಟಡವೇ ಅದುರುವ ಹಾಗೆ ಕೂಗಿದರು. "ಆಯಾ! ಮೇಲಿಂದ ಆ ಹುಡುಗಿಯನ್ನ ಕರ್ಕೊಂಡು ಬಾ! ಈಗ!"

ಆಯಾ ಚಪ್ಪಲಿ ಬಿಟ್ಟು ಓಡಿದಳು. ಅಷ್ಟು ಹೊತ್ತೂ ಡಾಕ್ಟರು ಕೊಳವೆ ಹಿಡಿದು ಕಲ್ಲಿನ ಹಾಗೆ ನಿಂತಿದ್ದರು. ಅವಳು ಗದ್ದ ಹಿಡಿದು ನಿಂತಿದ್ದಳು. ಕಿರಿಯವಳು ಏದುಸಿರು ಬಿಡುತ್ತಾ ಬಂದು ಕೈಗವಸು ಏರಿಸಿಕೊಂಡಳು. "ಏನಾಯ್ತಕ್ಕಾ?"

"ಏನೂ ಆಗಿಲ್ಲ. ಗಂಟು ಹಾಕು."

ಕುಣಿಕೆ ಬಿತ್ತು, ಬಿಗಿಯಿತು, ಗೆಡ್ಡೆ ಬಂತು.

ಅತ್ತೆಯನ್ನು ಪಕ್ಕದ ಕೋಣೆಗೆ ಸಾಗಿಸಿ ಕಿರಿಯವಳನ್ನು ಅವರ ಹತ್ತಿರ ಕೂರಿಸಿ, ಅವಳು ಕೈ ತೊಳೆಯಲು ಬಂದಳು. ಪಕ್ಕದ ನಲ್ಲಿಯಲ್ಲಿ ಡಾಕ್ಟರು ಮೊಣಕೈವರೆಗೆ ಸೋಪು ಉಜ್ಜುತ್ತಿದ್ದರು.

"ನಿನ್ನ ಅತ್ತೆ ಅಂತ ಇಷ್ಟೆಲ್ಲ," ಎಂದರು, ನಲ್ಲಿಯನ್ನೇ ನೋಡುತ್ತಾ. "ಹೊರಗಿನವರಾಗಿದ್ರೆ ನೀನು ಬರ್ತಿದ್ದೆ. ಆ ಕಂಡಕ್ಟರ್ ಮಲಗಿದ್ದಾಗ ಬಂದೆಯಲ್ಲ."

ಅವಳ ಕೈಯಿಂದ ಸೋಪು ಜಾರಿತು. ಹೇಳಿದ ಮಾತಿನಲ್ಲಿ ವಿಷವಿತ್ತು, ಆದರೆ ಸುಳ್ಳಿರಲಿಲ್ಲ. ಅಷ್ಟು ದಿನ ಮ್ಯಾನೇಜರನ ಮೇಲೆ, ಡಾಕ್ಟರ ಮೇಲೆ, ಆ ಹಳೆಯ ಕ್ಲಿಪ್ಪಿನ ಮೇಲೆ ಉರಿದದ್ದೆಲ್ಲ ಒಮ್ಮೆ ತಿರುಗಿ ತನ್ನ ಮೇಲೇ ಬಂದು ಬಿತ್ತು. ಬಸ್ಸಿನ ನಿಲ್ದಾಣಗಳನ್ನು ಕೂಗುತ್ತಾ ಮಲಗಿದ ಆ ಮನುಷ್ಯನೂ ಯಾರದೋ ಮನೆಯವನೇ ಆಗಿದ್ದ. ಕರೆದದ್ದು ಡಾಕ್ಟರೇ. ಬಿಟ್ಟು ಹೋದದ್ದು ತನ್ನ ಕಾಲು.

"ಮುಂದಿನವರನ್ನ ಮಲಗಿಸ್ತೀನಿ ಸಾರ್," ಎಂದಳು. ಟೋಪಿ ಎಳೆದುಕೊಂಡು ಒಳಗೆ ಹೋದಳು.

ಮುಂದಿನವನು ಒಳ್ಳೆಯವನೂ ಆಗಿರಲಿಲ್ಲ. ಮರದ ವ್ಯಾಪಾರಿ. ಕಾದು ಕಾದು ಕೆಂಡವಾಗಿದ್ದ. "ಇಷ್ಟು ಹೊತ್ತು ಒಳಗೆ ಏನು ಹರಟೆ ಹೊಡೀತಿದ್ರಿ? ಬೇಗ ಮುಗಿಸಮ್ಮ, ಕೆಲಸಕ್ಕೆ ಬಾರದವರು" ಎಂದ. ಸೂಜಿ ಚುಚ್ಚುವಾಗ ಕೈ ಒದರಿದ. ದಾರಿ ಹೇಳಿ ಎಂದರೆ, "ನನ್ನ ಮನೆ ದಾರಿ ನಿನಗ್ಯಾಕೆ?" ಎಂದ. ಆದರೂ ಮದ್ದು ಏರುತ್ತಿದ್ದ ಹಾಗೆ ಅವನೂ ಹೇಳಿದ. ಕಬ್ಬಿಣದ ಗೇಟು, ಇಳಿಜಾರು, ಮರದ ಮಿಲ್ಲು. ಮಿಲ್ಲಿನ ಹತ್ತಿರ ದಾರಿ ತಪ್ಪಿದ. ಅವಳು ಬಾಯಿಗೆ ಉಂಗುರ ಕಚ್ಚಿಸಿ, ಗಡ್ಡ ಚುಚ್ಚುವ ಅವನ ಗದ್ದದ ಕೆಳಗೆ ಕೈ ಇಟ್ಟಳು.

ಕೊಳವೆ ಇಳಿಯಿತು. ಡಾಕ್ಟರು ನೋಡಿದರು. ಚೂರು ತೆಗೆಯುವಂಥದ್ದು ಇತ್ತು. ಅವರು ಕೈ ಚಾಚಿದರು. ಚಾಚಿ, ಅವಳ ಮುಖ ನೋಡಿದರು.

ಅವಳೂ ನೋಡಿದಳು. ಕೈ ಗದ್ದದ ಕೆಳಗೇ ಇತ್ತು.

"ಆಯಾ," ಡಾಕ್ಟರು ಕರೆದರು. ಈ ಸಲ ಕೂಗಲಿಲ್ಲ. "ಆ ಹುಡುಗಿ ಪಕ್ಕದ ಕೋಣೆಯಲ್ಲಿದ್ದಾಳೆ, ಕರಿ."

"ಇಲ್ಲ ಸಾರ್. ಮ್ಯಾನೇಜರ್ ಸಾಹೇಬ್ರು ಬೈದು ಮೇಲಕ್ಕೆ ಕಳಿಸಿದ್ರು. ಅಮ್ಮನ ಹತ್ತಿರ ಅವರ ಮಗ ಕೂತಿದ್ದಾರೆ."

"ಹಾಗಾದ್ರೆ ಮ್ಯಾನೇಜರನ್ನೇ ಕರ್ಕೊಂಡು ಬಾ. ಇಕ್ಕಳ ಅವರೇ ಹಿಡೀಲಿ."

ಮ್ಯಾನೇಜರ್ ಬಂದ. ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಚರಪರ ಸದ್ದು ಮಾಡುತ್ತಾ ಬಂದ. "ಏನಿದು? ಪಟ್ಟಿ ಅರ್ಧವೂ ಮುಗಿದಿಲ್ಲ. ಒಬ್ಬ ನರ್ಸ್ ಸುಮ್ನೆ ನಿಂತಿದ್ದಾರೆ, ಇನ್ನೊಬ್ಬರು ಬೇಕು ಅಂತೀರಿ!"

"ಸುಮ್ನೆ ನಿಂತಿಲ್ಲ ಸಾರ್," ಎಂದಳು ನಿದ್ದೆಯಕ್ಕ. ಕೈ ತೆಗೆಯಲಿಲ್ಲ, ತಲೆ ಮಾತ್ರ ಎತ್ತಿದಳು. "ಇದೇ ಕೆಲಸ. ಆವತ್ತು ಆ ಕಂಡಕ್ಟರ್ ನೀಲಿಯಾದದ್ದು ನರ್ಸ್ ನಿದ್ದೆ ಕೊಟ್ಟದ್ದಕ್ಕಲ್ಲ. ಕೊಟ್ಟು ಬಿಟ್ಟುಹೋದದ್ದಕ್ಕೆ. ಬಿಟ್ಟುಹೋದವಳು ನಾನು. ಬಿಡುವ ಹಾಗೆ ಮಾಡಿದವರು ನೀವು. ಈಗ ಅದೇ ನೆಪ ಹಿಡ್ಕೊಂಡು ನಿದ್ದೆಯನ್ನೇ ನಿಲ್ಲಿಸ್ತೀನಿ ಅಂತೀರಲ್ಲ, ನಿಮ್ಮ ಗಂಟಲಿಗೆ ಎಚ್ಚರದಲ್ಲಿ ಇದನ್ನ ಇಳಿಸ್ಕೊಳ್ತೀರಾ? ಬನ್ನಿ, ಮುಂದಿನ ಹಾಸಿಗೆ ಖಾಲಿ ಇದೆ."

ಮ್ಯಾನೇಜರ್ ಕನ್ನಡಕಕ್ಕೆ ಕೈ ಹಾಕಿದ. ಬಾಗಿಲಲ್ಲಿ ಆಯಾ ಬಾಯಿ ತೆರೆದುಕೊಂಡು ನಿಂತಿದ್ದಳು. "ಡಾಕ್ಟರೇ, ಇವರು ಮಾತಾಡೋ ರೀತಿ ನೋಡಿ..."

"ನೋಡ್ತಿದ್ದೀನಿ," ಎಂದರು ಡಾಕ್ಟರು. ಅವರು ನೋಡುತ್ತಿದ್ದದ್ದು ಪರದೆಯನ್ನು. "ಹುಡುಗಿಯನ್ನ ಕಳಿಸ್ತೀರೋ, ನೀವೇ ಕೈಗವಸು ಹಾಕ್ಕೊಳ್ತೀರೋ? ನನ್ನ ತೋಳು ನೋಯ್ತಿದೆ."

ಪ್ಲಾಸ್ಟಿಕ್ ಚೀಲಗಳು ಚರಪರ ಎಂದು ಹೊರಗೆ ಹೋದವು. "ಮುಂದಿನ ತಿಂಗಳು ನೋಡ್ಕೊಳ್ತೀನಿ" ಎನ್ನುವುದು ಓಣಿಯಿಂದ ಕೇಳಿಸಿತು. ಕಿರಿಯವಳು ಬಂದಳು. ಚೂರು ಬಂತು. ಕೊಳವೆಯೂ ಬಂತು.

ಮುಂದಿನ ತಿಂಗಳು ಏನಾಗುತ್ತದೋ ಅವಳಿಗೆ ಗೊತ್ತಿರಲಿಲ್ಲ. ಡಾಕ್ಟರು ಕ್ಷಮೆ ಕೇಳಲಿಲ್ಲ, ಅವಳೂ ಕಾಯಲಿಲ್ಲ. ಬೆವರಿಗೆ ಟೋಪಿ ಒದ್ದೆಯಾಗಿತ್ತು. ಅದನ್ನು ಕಿವಿಯ ಹಿಂದಕ್ಕೆ ಸರಿಸಿದಳು. ಎರಡೂ ಕಿವಿ ಕೆಂಡದ ಹಾಗೆ ಹೊರಗೆ ಕಂಡವು. ಕಿರಿಯವಳು ನೋಡಿ, "ಅಕ್ಕಾ, ಜ್ವರಾನಾ?" ಎಂದಳು.

"ಅಲ್ಲ. ಸಿಟ್ಟು."

ಪಕ್ಕದ ಕೋಣೆಯಲ್ಲಿ ಅತ್ತೆ ಎದ್ದು ಕೂತಿದ್ದರು. ಸೊಸೆ ಬಾಗಿಲಿಗೆ ಬಂದ ಕೂಡಲೇ ಮಗನ ಕೈ ಕೊಡವಿ, "ಗೇಟು, ಬಲಕ್ಕೆ, ಸೈಕಲ್ ಅಂಗಡಿ, ಎಡಕ್ಕೆ, ಮೂಲೆಯ ಹಿಟ್ಟಿನ ಗಿರಣಿ, ಹಸಿರು ಬಾಗಿಲು. ಸಾಕಾ? ಆ ದೊಡ್ಡ ಗಂಟಲು ಯಾರದು, ಗೋಡೆ ಆಚೆ ಕೇಳ್ತಿತ್ತು?" ಎಂದರು.

"ನನ್ನದೇ ಅತ್ತೆ."

ಅತ್ತೆ ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಇನ್ನೂ ಸ್ವಲ್ಪ ಜೋರಾಗಿರಬೇಕಿತ್ತು. ಒಂದೊಂದು ಮಾತು ಕೇಳಿಸಲೇ ಇಲ್ಲ."

ಅಷ್ಟರಲ್ಲಿ ಬಟ್ಟೆಯ ಪರದೆಯ ಆಚೆ, ಆಗಷ್ಟೇ ಸಾಗಿಸಿ ತಂದಿದ್ದ ಮರದ ವ್ಯಾಪಾರಿ ಕಣ್ಣು ಬಿಟ್ಟು, ಕಾಲು ಕೆಳಗಿಡಲು ಹೊರಟಿದ್ದ. "ಮುಗೀತಲ್ಲ? ನಾನು ಹೊರಟೆ."

ಅವಳು ಎರಡೇ ಹೆಜ್ಜೆಗೆ ಅಲ್ಲಿ ಮುಟ್ಟಿ ಅವನ ಭುಜ ಒತ್ತಿ ಮಲಗಿಸಿದಳು.

"ದಾರಿ ಹೇಳಿ."

"ಏಯ್, ಆಗಲೇ ಹೇಳಿದ್ನಲ್ಲ..."

"ಮಿಲ್ಲಿನ ಹತ್ತಿರ ಬಿಟ್ಟಿದ್ದೀರಿ. ಮನೆ ಬಾಗಿಲು ಬರೋವರೆಗೂ ಹೇಳಿ. ಅಲ್ಲೀತನಕ ಇಳಿಸಲ್ಲ!"

ಆ ದನಿಗೆ ಓಣಿಯ ಬೆಂಚಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ವ್ಯಾಪಾರಿ ಕಾಲನ್ನು ಮೆಲ್ಲಗೆ ಹಾಸಿಗೆಯ ಮೇಲೆ ಎಳೆದುಕೊಂಡು, ಕಬ್ಬಿಣದ ಗೇಟಿನಿಂದ ಶುರು ಮಾಡಿದ.